ಕರಿ ಟೀಪಾಯಿಯ ಆಣೆ

ನಮ್ಮೂರಿನಲ್ಲಿ ತಲೆ ಒಡೆಯಲು ಕಾರಣ ಬೇಕಿರಲಿಲ್ಲ, ತಲೆ ಇದ್ದರೆ ಸಾಕಿತ್ತು. ಹರ್ತಿಯಿಂದ ಡಂಬಳದ ಕಡೆ ಹೊರಟರೆ ಎರೆಹೊಲಗಳ ನಡುವೆ ಸಿಗುವ ಸಣ್ಣ ಊರು ನಮ್ಮದು. ಅಲ್ಲಿ ಮೇಲಿನ ಮನೆ, ಕೆಳಗಿನ ಮನೆ ಎಂದು ಎರಡು ಮನೆ. ಒಂದೇ ಕುಲ, ಒಂದೇ ದೇವರು, ಕುರಿ ಮೇಯಿಸಿ ಹೊಲ ಮಾಡಿದ ಒಬ್ಬನೇ ಅಜ್ಜನ ವಂಶ. ಒಂದು ಸಲ ಮೇಲಿನ ಮನೆಯ ಟಗರು ಕೆಳಗಿನ ಮನೆಯ ಟಗರನ್ನು ಗುದ್ದಿ ಕೊಂದಿತು. ಟಗರಿಗೆ ಬುದ್ಧಿ ಇರಲಿಲ್ಲ, ಅದು ಸರಿ. ಎರಡೂ ಮನೆಯ ಗಂಡಸರಿಗೆ ಟಗರಿನಷ್ಟೂ ಇರಲಿಲ್ಲ. ಟಗರು ಸಾಕಿದವನ ಕಾಲು ಮುರಿದರು, ಕಾಲಿಗೆ ಬದಲು ಕೈ ಕಡಿದರು, ಕೈಗೆ ಬದಲು ಕುತ್ತಿಗೆ. ರಜಾಕಾರರ ಗದ್ದಲದಲ್ಲಿ ಮುಂಡರಗಿ ಸೀಮೆಯ ಊರುಗಳೆಲ್ಲ ಒಟ್ಟಾಗಿ ಕಾವಲು ನಿಂತಾಗಲೂ ಇವರು ಊರ ಅಗಸಿ ಬಾಗಿಲಿನ ಎರಡು ಬದಿಗೆ ನಿಂತು, ಹೊರಗೆ ನೋಡುವುದನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡುತ್ತ ಕಾದರು.

ಹನಮಂತವ್ವ ಮೇಲಿನ ಮನೆಯ ಸೊಸೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವಳ ಗಂಡ ನಿಂಗಪ್ಪ ಗದಗಿನ ಸಂತೆ ಮುಗಿಸಿ ಚಕ್ಕಡಿಯಲ್ಲಿ ಬರುತ್ತಿದ್ದಾಗ ಕೆಳಗಿನ ಮನೆಯ ಗೋಣೆಪ್ಪ ಹಳ್ಳದ ದಂಡೆಯಲ್ಲಿ ಅಡ್ಡಗಟ್ಟಿದ. ಒಂದೇ ಏಟು, ಕಿವಿಯ ಕೆಳಗೆ. ಎತ್ತುಗಳಿಗೆ ಮನೆಯ ದಾರಿ ಗೊತ್ತಿತ್ತು, ಬಂದು ಅಂಗಳದಲ್ಲಿ ನಿಂತವು. ಗಂಡ ಕುಡಿದು ಮಲಗಿದ್ದಾನೆಂದು ಹನಮಂತವ್ವ ಬೈಯುತ್ತಲೇ ಹೊರಗೆ ಬಂದಳು. ಹಿಂದೆಯೇ ಓಡಿ ಬಂದ ಮಗ ತಿರಕಪ್ಪ ಆಗ ಚಕ್ಕಡಿಯ ಗಾಲಿಯಷ್ಟು ಎತ್ತರ. ಗಾಲಿಯ ಮೇಲೆ ಇಳಿಯುತ್ತಿದ್ದುದನ್ನು ಅವನು ಬೆರಳಿನಿಂದ ಮುಟ್ಟಿ ನೋಡಿದ. ಕೇಸು ನಡೆಯಿತು, ಸಾಕ್ಷಿ ಹೇಳುವವರಿಲ್ಲದೆ ಬಿದ್ದುಹೋಯಿತು. ನಮ್ಮಲ್ಲಿ ಕೋರ್ಟಿಗೆ ಹೋಗಿ ಸಾಕ್ಷಿ ನುಡಿಯುವುದು ಹೇಡಿಯ ಕೆಲಸ, ಹಳ್ಳದಲ್ಲಿ ಹೊಂಚಿ ಕೂತು ಕೊಡಲಿ ಬೀಸುವುದು ಗಂಡಸುತನ. ಬೆಂಕಿ ಬೀಳಲಿ ಅಂಥ ಗಂಡಸುತನಕ್ಕೆ.

ಅಂದಿನಿಂದ ಹನಮಂತವ್ವನಿಗೆ ಬೇಕಾದದ್ದು ಒಂದೇ. ಮಗ ಚಕ್ಕಡಿಯಲ್ಲಿ ಮಲಗಿ ಮನೆಗೆ ಬರಬಾರದು. ಅವನಿಗೆ ಮೀಸೆ ಬಂದ ಮೇಲೂ ಹೊಲದಿಂದ ತಿರುಗಿ ಬರುವುದು ತಡವಾದರೆ ಅವಳು ಅಗಸಿಯವರೆಗೆ ಹೋಗಿ ನಿಲ್ಲುತ್ತಿದ್ದಳು. ಊರ ಹುಡುಗರು ನಗುತ್ತಿದ್ದರು, ತಿರಕಪ್ಪನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಿಂದ ಯಾರೂ ಸತ್ತದ್ದಿಲ್ಲ ಎಂದು ಅವಳು ನಿಲ್ಲುತ್ತಲೇ ಇದ್ದಳು.

ಇಂಥ ಹಗೆ ನಿಲ್ಲಿಸಲು ನಮ್ಮ ಕುಲದವರಿಗೆ ಗೊತ್ತಿದ್ದ ದಾರಿ ಕಂಬಳಿ. ದೇವರ ಜಗಲಿಯ ಮೇಲೆ ಮಡಚಿಟ್ಟ ಕರಿ ಕಂಬಳಿಯನ್ನು ಹಾಸಿ, ನಾಲ್ಕು ಮೂಲೆಗೆ ಭಂಡಾರ, ಅಂದರೆ ದೇವರ ಅರಿಸಿನ, ಹಾಕಿ, ಎರಡೂ ಕಡೆಯವರು ಅದರ ಮೇಲೆ ಕುಳಿತು ಕುಲದೇವರು ಬೀರಪ್ಪನ ಹೆಸರಿನಲ್ಲಿ ಆಣೆ ಮಾಡಬೇಕು. ಆ ಆಣೆ ಮುರಿದವನನ್ನು ಯಾರೂ ಕೊಲ್ಲುವುದಿಲ್ಲ, ಅದೇ ಅವನ ಶಿಕ್ಷೆ. ನನ್ನ ಅಜ್ಜಿ ಅಂಥ ಒಬ್ಬನನ್ನು ಕಣ್ಣಾರೆ ಕಂಡಿದ್ದಳು. ಪುಂಡಲೀಕಪ್ಪ ಎಂದು ಅವನ ಹೆಸರು. ಊರ ಹೊರಗಿನ ಕುರಿದೊಡ್ಡಿಯಲ್ಲಿದ್ದ. ಅವನನ್ನು ಮುಟ್ಟುವಂತಿಲ್ಲ, ಬೈಯುವಂತಿಲ್ಲ, ಹೊಡೆಯುವಂತಿಲ್ಲ, ಕೈಯಿಂದ ಕೈಗೆ ಒಂದು ಹನಿ ನೀರನ್ನೂ ಕೊಡುವಂತಿಲ್ಲ. ಅವನ ಹೆಂಡತಿ ಕಲ್ಲಿನ ಮೇಲೆ ರೊಟ್ಟಿ ಇಟ್ಟು ತಿರುಗಿ ನೋಡದೆ ಬರುತ್ತಿದ್ದಳು. ಕೊನೆಗೆ ಅವನು ಹಾದಿಯಲ್ಲಿ ಹೋಗುವವರಿಗೆ ಕಲ್ಲು ಒಗೆದು, "ಒಂದs ಏಟು ಹೊಡೀರಪ್ಪಾ" ಎಂದು ಬೇಡಿಕೊಳ್ಳುತ್ತಿದ್ದನಂತೆ. ಯಾರೂ ಹೊಡೆಯಲಿಲ್ಲ.

ಹನಮಂತವ್ವನ ಭಾವ ಗವಿಸಿದ್ದಪ್ಪ ಮೇಲಿನ ಮನೆಯ ಯಜಮಾನ. ತಮ್ಮ ಸತ್ತ ಮೇಲೆ ಅವನು ಕೊಡಲಿ ಬಿಟ್ಟು ಬಿಳಿ ಟೋಪಿ ಹಾಕಿದ್ದ. ಒಳ್ಳೆಯ ಮನುಷ್ಯನೇ, ಆದರೆ ಟೋಪಿ ತಲೆಗೆ ಏರಿದ ಮೇಲೆ ತಲೆ ಟೋಪಿಯ ಮಾತು ಕೇಳತೊಡಗಿತು. ಗದಗಿನಲ್ಲಿ ಯಾರೋ ವಕೀಲರ ಮನೆಯಲ್ಲಿ ಎರಡು ಪಕ್ಷದವರು ಒಂದು ಗಿಡ್ಡ ಮೇಜಿನ ಸುತ್ತ ಕುಳಿತು, ಕಾಫಿ ಕುಡಿದು, ರಾಜಿಯಾಗಿ ಎದ್ದುಹೋದದ್ದನ್ನು ಕಂಡು ಬಂದಿದ್ದ. ಸ್ವಾತಂತ್ರ್ಯ ಬಂದು ಒಂಬತ್ತು ವರ್ಷವಾಗಿತ್ತು, ಆ ವರ್ಷ ಮುಂಬಯಿ ಸರಕಾರ ತಪ್ಪಿ ಕನ್ನಡದ ಸೀಮೆಗಳೆಲ್ಲ ಒಂದಾಗುವವೆಂದು ಗೊತ್ತಾಗಿತ್ತು.

"ಲಕ್ಷ್ಮೇಶ್ವರ ಒಬ್ಬ ರಾಜಂದು ಇತ್ತು, ಶಿರಹಟ್ಟಿ ಮತ್ತೊಬ್ಬಂದು, ಮುಂಡರಗಿ ದಾಟಿದ್ರ ನಿಜಾಮಂದು. ಅಷ್ಟೂ ಒಂದಾಗತಾವು. ಎರಡು ಮನಿ ಒಂದಾಗಾಕ ಏನು ಧಾಡಿ?" ಎಂದು ಅವನು ಊಟಕ್ಕೆ ಕುಳಿತಾಗ ಗುಡುಗಿದ. ಕೆಳಗಿನ ಮನೆಯ ಯಜಮಾನ ಹುಲಗಪ್ಪನಿಗೆ ಹೇಳಿಯೂ ಕಳಿಸಿದ. ಹುಲಗಪ್ಪ ಗೋಣೆಪ್ಪನ ಅಣ್ಣ. ಅವನೂ ಈ ಹಗೆಯಲ್ಲಿ ಮಗನನ್ನು ಕಳೆದುಕೊಂಡು ಸುಸ್ತಾಗಿದ್ದ. ಬರುತ್ತೇನೆ ಎಂದ.

ಹನಮಂತವ್ವ ಅಡಿಗೆಮನೆಯಲ್ಲಿ ಕುಳಿತು ಅತ್ತಳು. ಸಂತೋಷಕ್ಕೆ ಅವಳು ಅತ್ತದ್ದನ್ನು ನಾವು ನೋಡಿದ್ದು ಅದೊಂದೇ ಸಲ.

ಉಣ್ಣೆ ಮಾರಲು ಬೆಟಗೇರಿಗೆ ಹೊರಟಿದ್ದ ಅವಳನ್ನೂ ಕೂರಿಸಿಕೊಂಡು ಗವಿಸಿದ್ದಪ್ಪ ಗದಗಿಗೆ ಚಕ್ಕಡಿ ಹೂಡಿದ. ಸ್ಟೇಶನ್ ಹತ್ತಿರ ಫಕೀರಸಾಬನ ಕಟ್ಟಿಗೆ ಸಾಮಾನಿನ ಅಂಗಡಿ. ಸಾಗವಾನಿಯದು, ಮೇಲೆ ಗಾಜು ಕೂಡಿಸಿದ್ದು, ಕೆಂಪು ಪಾಲಿಶಿನದು, ವಕೀಲರ ಮನೆಯಲ್ಲಿ ಅವನು ಕಂಡಂಥ ಟೀಪಾಯಿಗಳು ಎಲ್ಲ ತರಹದವೂ ಇದ್ದವು.

"ಕೆಂಪಂದು ಬ್ಯಾಡ. ನೋಡಿದ್ರ ಹಳೇದೆಲ್ಲಾ ನೆನಪಾಗತೈತಿ," ಎಂದ ಗವಿಸಿದ್ದಪ್ಪ. "ಕಾಜಿಂದೂ ಬ್ಯಾಡ. ನಮ್ಮ ಮಂದಿ ಮಾತಿಗೊಮ್ಮೆ ಗುದ್ದತಾರ."

ಮೂಲೆಯಲ್ಲಿ ಒಂದು ಕರಿ ಟೀಪಾಯಿ ಇತ್ತು. ದಪ್ಪ ಬೀಟಿಮರದ ಹಲಗೆ, ಗಿಡ್ಡ ಕಾಲು, ಮೇಲೆ ಕರಿ ಪಾಲಿಶು. ಗವಿಸಿದ್ದಪ್ಪ ಅದನ್ನು ಕುಟ್ಟಿ ನೋಡಿದ, ಅಲುಗಾಡಿಸಿ ನೋಡಿದ, ಕೊನೆಗೆ ತಾನೇ ಅದರ ಮೇಲೆ ಕುಳಿತು ನೋಡಿದ. "ಇದs ಆತು. ಕರೇದು ಛಲೋ. ಹೊಲಸು ಕಾಣೂದಿಲ್ಲ."

ಫಕೀರಸಾಬ ನಕ್ಕ. "ಎಲ್ಲಾರೂ ಅದನ್ನs ಅಂತಾರ್ರಿ ಯಜಮಾನ್ರ. ಕರೇದರ ಮ್ಯಾಲ ಎಲ್ಲಾ ಕಾಣತೈತಿ. ಧೂಳ ಕುಂತ್ರ ಧೂಳ, ಕೈ ಇಟ್ರ ಕೈ. ದಿನಾ ಒಣಾ ಅರಿವಿಲೆ ಒರಸ್ರಿ, ವಾರಕ್ಕೊಮ್ಮಿ ಕುಸುಬಿ ಎಣ್ಣಿ ಹಚ್ಚಿ ತಿಕ್ಕ್ರಿ. ಬಿಸಿ ತಂಬಗಿ ಇಡಬ್ಯಾಡ್ರಿ, ಬೆಳ್ಳಗ ಬಳಿ ಬೀಳತೈತಿ. ಎಳದಾಡಬ್ಯಾಡ್ರಿ, ಎಲ್ಲಿ ಇಟ್ರಿ ಅಲ್ಲೇ ಇರ್ಲಿ."

ಹನಮಂತವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಹಲಗೆಯನ್ನು ಮುಟ್ಟಿದಳು. ತಣ್ಣಗಿತ್ತು. "ಭಾವಾರ, ಕರೇದ ಬೇಕಂದ್ರ ಮನ್ಯಾಗ ದೇವರ ಕಂಬಳಿ ಐತೆಲ್ಲ. ಅದನ್ನ ಹಾಸ್ರಿ," ಎಂದಳು.

ಗವಿಸಿದ್ದಪ್ಪನಿಗೆ ಸಿಟ್ಟು ಬಂತು. "ಕಂಬಳಿ ಕಂಬಳಿ ಅಂತ ಇನ್ನೂ ಎಷ್ಟ ದಿವಸ ಕುರಿ ಹಿಂದ ಅಡ್ಡಾಡೂದು? ಗದಗಿನವರು ನಕ್ಕಾರು. ಹೊಸಾ ರಾಜ್ಯ, ಹೊಸಾ ಪದ್ಧತಿ. ಆಣಿ ಈ ಟೀಪಾಯಿ ಮ್ಯಾಲs ಆಗಬೇಕು." ಅವಳು ಹಲಗೆಯಿಂದ ಕೈ ತೆಗೆದಳು. ಯಜಮಾನನ ಮಾತಿಗೆ ವಿಧವೆ ಎದುರಾಡುವ ಮನೆಯಲ್ಲ ಅದು.

ಟೀಪಾಯಿ ಮನೆಗೆ ಬಂದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸ ಹನಮಂತವ್ವನ ಪಾಲಿಗೆ ಬಂತು. ಅವಳು ಅದನ್ನು ಕೂಸಿನಂತೆ ತಿಕ್ಕಿದಳು. ಮೇಲೆ ಹಾರಿ ಕೂತ ಕೋಳಿಗೆ ಒನಕೆಯಿಂದ ಹೊಡೆದದ್ದಕ್ಕೆ ಅದು ಸತ್ತೇ ಹೋಯಿತು, ಅಂದು ರಾತ್ರಿಗೆ ಸಾರಾಯಿತು. ಒಂದು ಬೆಳಿಗ್ಗೆ ತಿರಕಪ್ಪ ಕುದಿಯುವ ಚಹಾದ ತಂಬಿಗೆಯನ್ನು ತಂದು ಅದರ ಮೇಲೆ ಕುಕ್ಕಿದ. ತೆಗೆದಾಗ ಫಕೀರಸಾಬ ಹೇಳಿದಂತೆಯೇ ಬೆಳ್ಳಗೆ ಬಳೆ ಬಿದ್ದಿತ್ತು. ಹನಮಂತವ್ವ ಮೀಸೆ ಹೊತ್ತ ಮಗನನ್ನು ಸೌಟಿನಿಂದ ಹೊಡೆದಳು. ಬೆನ್ನಿಗೆ, ಭುಜಕ್ಕೆ, ಸೌಟು ಬಾಗುವವರೆಗೆ ಹೊಡೆದಳು. ಅವನು ಕೈ ಅಡ್ಡ ಹಿಡಿದು ನಗುತ್ತಲೇ ಇದ್ದ.

"ನಗತೀಯೇನಲೇ ಮೂಳಾ! ಇದರ ಮ್ಯಾಲ ನಿನ್ನ ಜೀವ ಐತಿ!"

"ಕಟಗಿ ಯವ್ವಾ ಇದು, ಕಟಗಿ," ಎಂದ ಅವನು. ಆಮೇಲೆ ನಗು ನಿಲ್ಲಿಸಿ ಕೇಳಿದ, "ಕಂಬಳಿ ಹಾಸೂದಿಲ್ಲ, ಹೌದಲ್ಲ? ಖರೇನs ಹಾಸೂದಿಲ್ಲ?"

"ಹಾಸೂದಿಲ್ಲಂತ. ನಿಮ್ಮ ದೊಡ್ಡಪ್ಪನ ಹಟ."

ಅವನು ಉಸಿರು ಬಿಟ್ಟು ಹೊರಗೆ ಹೋದ. ಹನಮಂತವ್ವ ಬೂದಿಗೆ ಎಣ್ಣೆ ಬೆರೆಸಿ ಬಿಳಿ ಬಳೆಯನ್ನು ತಿಕ್ಕುತ್ತ ಕುಳಿತಳು. ತಿಕ್ಕಿದಂತೆ ಮಗನ ಪ್ರಶ್ನೆ ಅವಳ ಎದೆಯನ್ನು ತಿಕ್ಕತೊಡಗಿತು. ಹುಡುಗ ಹೆದರಿದ್ದಾನೆ ಎಂದುಕೊಂಡಳು. ಕಂಬಳಿ ಇಲ್ಲದ ಆಣೆಗೆ ಗೋಣೆಪ್ಪ ಕಿಮ್ಮತ್ತು ಕೊಡುವುದಿಲ್ಲ, ಇಂದು ಕಟ್ಟಿಗೆ ಮುಟ್ಟಿ ನಾಳೆ ಕೊಡಲಿ ಹಿಡಿಯುತ್ತಾನೆ, ಅದು ಹುಡುಗನಿಗೂ ತಿಳಿದಿದೆ. ತಾಯಿ ಎಂಬುವಳು ಮಗನ ಹೊಟ್ಟೆಯ ಹಸಿವನ್ನು ಬಾಗಿಲಲ್ಲೇ ಗುರುತಿಸುತ್ತಾಳೆ. ಅದೇ ಮಗನ ಹೊಟ್ಟೆಯೊಳಗಿನ ವಿಷ ಮಾತ್ರ ಅವಳಿಗೆ ಕಾಣುವುದಿಲ್ಲ.

ರಾಜ್ಯ ಒಂದಾದ ದಿನ ಚಾವಡಿಯ ಮುಂದೆ ಝಂಡಾ ಏರಿತು, ಹುಡುಗರಿಗೆ ಪೇಢೆ ಹಂಚಿದರು. ಆಣೆಗೂ ಅದೇ ದಿನ ಗೊತ್ತಾಗಿತ್ತು. ಮನೆಯ ಗಂಡಸರೆಲ್ಲ ಝಂಡಾಕ್ಕೆಂದು ಚಾವಡಿಗೆ ಹೋದಾಗ, ಹನಮಂತವ್ವ ತಲೆಗೆ ನೀರು ಹಾಕಿಕೊಂಡು ಜಗಲಿಯ ಮೇಲಿನ ದೇವರ ಕಂಬಳಿಯನ್ನು ತೆಗೆದಳು. ಅದರ ಜಾಗದಲ್ಲಿ ಹೊದೆಯುವ ಕಂಬಳಿಯೊಂದನ್ನು ಮಡಚಿಟ್ಟಳು. ಪಡಸಾಲೆಯ ನಡುವೆ ಕಂಬಳಿ ಹಾಸಿ, ನಾಲ್ಕು ಮೂಲೆಗೆ ಭಂಡಾರ ಹಾಕಿ, "ಬೀರಪ್ಪಾ, ಮುಂಡಿ ಹಾಸ್ಯಾಳಂತ ಸಿಟ್ಟಾಗಬ್ಯಾಡಪ್ಪಾ" ಎಂದು ನೆಲ ಮುಟ್ಟಿ ಬೇಡಿಕೊಂಡಳು. ಅದರ ಮೇಲೆ ನವಲಗುಂದದ ದಪ್ಪ ಜಮಖಾನೆ, ಜಮಖಾನೆಯ ನಡುವೆ ಟೀಪಾಯಿ. ಕಂಬಳಿಯ ಒಂದು ಎಳೆಯೂ ಹೊರಗೆ ಕಾಣದಂತೆ ಸುತ್ತಲೂ ನೋಡಿದಳು. ಆಣೆ ಮುಗಿದ ಮೇಲೆ ಹುಲಗಪ್ಪನಿಗೆ, ಗೋಣೆಪ್ಪನಿಗೆ ತೋರಿಸಿಬಿಡುವುದು, ಆಮೇಲೆ ಅವರು ಹಲ್ಲು ಕಿತ್ತ ಹಾವು ಎಂದು ಅವಳ ಲೆಕ್ಕ.

ಕೆಳಗಿನ ಮನೆಯವರು ಬಂದರು. ಕೊಡಲಿಗಳನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು ಒಳಬಂದರು. ಕುಲದ ಹಿರಿಯ ಹೊಳೆಯಪ್ಪಜ್ಜನೂ ಬಂದ. ಎಲ್ಲರೂ ಜಮಖಾನೆಯ ಮೇಲೆ ಟೀಪಾಯಿಯ ಸುತ್ತ ಮೊಣಕಾಲು ಮಡಚಿ ಕುಳಿತರು. ಹುಲಗಪ್ಪ, ಗೋಣೆಪ್ಪ ಆ ಕಡೆ, ಗವಿಸಿದ್ದಪ್ಪ, ತಿರಕಪ್ಪ ಈ ಕಡೆ. ಕಾಫಿ ಬಂತು. ಜೋಳದ ರೊಟ್ಟಿಯ ಬಾಯಿಗಳು ಕಾಫಿ ಕುಡಿದು ಬೇವಿನ ರಸ ಕುಡಿದವರಂತೆ ಮುಖ ಮಾಡಿದವು.

ಗೋಣೆಪ್ಪ ಕಪ್ಪು ಕೆಳಗಿಟ್ಟು ಕೇಳಿದ, "ಕಂಬಳಿ ಎಲ್ಲಿ? ಗವಿಸಿದ್ದಪ್ಪಣ್ಣಾ, ನಾ ಈ ಮನಿಗೆ ಮಾಡಬಾರದ್ದು ಮಾಡೀನಿ. ಕಂಬಳಿ ಹಾಸು, ಖರೆ ಆಣಿ ಮಾಡತೀನಿ. ಕಟಗಿ ಮುಟ್ಟಿ ಆಣಿ ಮಾಡಿದ್ರ ನನಗs ನನ್ನ ಮ್ಯಾಲ ನಂಬಿಕಿ ಬರೂದಿಲ್ಲ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹನಮಂತವ್ವನ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ತಿರಕಪ್ಪ ಬಾಯಿ ಹಾಕಿದ, "ಕಂಬಳಿ ಯಾಕ ಕಾಕಾ? ಮನಸು ಖರೆ ಇದ್ರ ಇದs ಸಾಕು." ಹೇಳಿ ಮೊದಲು ತಾನೇ ಟೀಪಾಯಿಯ ಮೇಲೆ ಅಂಗೈ ಊರಿದ. "ಬೀರಪ್ಪನಾಣಿ. ಕೆಳಗಿನ ಮನಿ ರಕ್ತ ನಾ ಮುಟ್ಟೂದಿಲ್ಲ."

ತಂದೆಯನ್ನು ಕೊಂದವನನ್ನು ಮಗ ಕಾಕಾ ಎಂದು ಕರೆದ. ಗೋಣೆಪ್ಪನ ಕಣ್ಣು ತುಂಬಿತು. ಅವನೂ ಕೈ ಇಟ್ಟ, ಹುಲಗಪ್ಪನೂ ಇಟ್ಟ, ಎಲ್ಲರೂ ಬೀರಪ್ಪನ ಹೆಸರು ಹೇಳಿದರು. ಗೋಣೆಪ್ಪ ಅಲ್ಲಿಗೇ ಬಿಡದೆ ಎದ್ದು ಬಂದು ಹನಮಂತವ್ವನ ಮುಂದೆ ನೆಲಕ್ಕೆ ಹಣೆ ಹಚ್ಚಿದ. ಅವಳಿಗೆ ಅವನ ಕುತ್ತಿಗೆಯೇ ಕಾಣುತ್ತಿತ್ತು. ಕೈಯಲ್ಲಿ ಈಳಿಗೆ ಇದ್ದಿದ್ದರೆ ಏನಾಗುತ್ತಿತ್ತೋ. ಆದರೆ ಅವಳು ಅತ್ತಳು, ಅವನೂ ಅತ್ತ. ಇಷ್ಟಾದ ಮೇಲೆ ಜಮಖಾನೆ ಎತ್ತಿ ತೋರಿಸಿ ಭಾವನ ಮಾನ ಏಕೆ ಕಳೆಯಬೇಕು ಎನ್ನಿಸಿತು. ಟೀಪಾಯಿ ಎಲ್ಲಿ ಇಟ್ಟರೋ ಅಲ್ಲೇ ಇರಬೇಕೆಂದು ಫಕೀರಸಾಬ ಹೇಳಿದ್ದನಲ್ಲ, ಅಲ್ಲೇ ಇತ್ತು. ಅದರ ಕೆಳಗೆ ಕಂಬಳಿಯೂ ಇತ್ತು. ಅವಳು ದಿನವೂ ಕೈಗುರುತುಗಳನ್ನು ಒರೆಸಿ, ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತ ಬಂದಳು. ಮಗನನ್ನು ಕಾಯಲು ಅಗಸಿಗೆ ಹೋಗುವುದನ್ನು ಬಿಟ್ಟಳು.

ಸುಗ್ಗಿ ಬಂತು. ಗೋಣೆಪ್ಪ ಆಗ ಬರಿಗೈಯಲ್ಲಿ ಅಡ್ಡಾಡುತ್ತಿದ್ದ. ಒಂದು ಮಧ್ಯಾಹ್ನ ಕೊಯ್ದ ಜೋಳದ ಹೊರೆಯನ್ನು ತಲೆಗೆ ಏರಿಸಲು ಯಾರೂ ಸಿಗದೆ ನಿಂತಿದ್ದಾಗ ಬದುವಿನ ಮೇಲೆ ತಿರಕಪ್ಪ ಹೊರಟಿದ್ದ.

"ಏ ತಮ್ಮಾ, ಒಂದೀಟು ಕೈ ಹಚ್ಚೊ," ಎಂದು ಗೋಣೆಪ್ಪ ಕರೆದ.

ತಿರಕಪ್ಪ ಕೈ ಹಚ್ಚಿದ. ಹೊರೆ ಎತ್ತಿ ಅವನ ತಲೆಯ ಮೇಲಿಟ್ಟ. ಗೋಣೆಪ್ಪ ಎರಡೂ ಕೈಯಿಂದ ಹೊರೆಯನ್ನು ಹಿಡಿದು ಹೆಜ್ಜೆ ಹಾಕುತ್ತಲೇ ತಿರಕಪ್ಪ ಹಿಂದಿನಿಂದ ತನ್ನ ಕೊಡಲಿ ಎತ್ತಿ ಹೊಡೆದ. ಕಿವಿಯ ಕೆಳಗೆ, ತಂದೆಗೆ ಬಿದ್ದ ಜಾಗಕ್ಕೇ. ಒಂದಕ್ಕೆ ಮುಗಿಯಲಿಲ್ಲ. ಹೊರೆಯ ಕೆಳಗೆ ಬಿದ್ದು ತೆವಳುತ್ತಿದ್ದವನ ಬೆನ್ನಿಗೆ ಹೊಡೆದ, ತಿರುಗಿ ನೋಡಿದ ಮುಖಕ್ಕೆ ಹೊಡೆದ, ಮುಖ ಮುಖವಾಗಿ ಉಳಿಯದಷ್ಟು ಹೊಡೆದ. ಮುಂದಿನ ಹೊಲದಲ್ಲಿ ಕೊಯ್ಯುತ್ತಿದ್ದ ಹೆಂಗಸರು ಕುಡಗೋಲು ಒಗೆದು ಚೀರುತ್ತ ಊರಿನ ಕಡೆ ಓಡಿದರು.

ಹನಮಂತವ್ವ ಪಡಸಾಲೆಯಲ್ಲಿ ಟೀಪಾಯಿಗೆ ಎಣ್ಣೆ ಹಚ್ಚುತ್ತಿದ್ದಳು. ತಿರಕಪ್ಪ ಬಂದು ಕೊಡಲಿಯನ್ನು ಅವಳ ಕೈಯ ಮುಂದೆಯೇ ಹಲಗೆಯ ಮೇಲೆ ಇಟ್ಟ. ಕರಿ ಹಲಗೆಯ ಎಣ್ಣೆಯಲ್ಲಿ ರಕ್ತ ಬೆರೆತು ಹರಿಯಿತು.

"ಅಪ್ಪಗ ಇವತ್ತ ನೀರ ಬಿಟ್ಟೆ ಯವ್ವಾ," ಎಂದ.

ಅವಳು ಅವನ ಮುಖ ನೋಡಿದಳು, ಕೊಡಲಿ ನೋಡಿದಳು. "ಆಣಿ ಮಾಡಿದ್ದಿಯಲ್ಲೋ ನನ್ನ ಹೊಟ್ಟ್ಯಾಗ ಹುಟ್ಟಿದ ಹುಳಾ! ಆಣಿ ಮಾಡಿದ್ದಿ!"

"ಎಲ್ಲಿ ಆಣಿ? ಕಂಬಳಿ ಎಲ್ಲಿತ್ತು? ಕಟಗಿ ಮ್ಯಾಲ ಕೈ ಇಟ್ಟಿದ್ದೆ. ಕಂಬಳಿ ಇದ್ದಿದ್ರ ನಾ ಕುಂಡ್ರತಿದ್ನೇನು?"

ಆಗ ಅವಳಿಗೆ ಎಲ್ಲ ತಿಳಿಯಿತು. ಕಂಬಳಿ ಹಾಸುವುದಿಲ್ಲವೇ ಎಂದು ಅವನು ಕೇಳಿದ್ದು ಹೆದರಿ ಅಲ್ಲ. ಶತ್ರುವನ್ನು ಕಟ್ಟಲು ಹಾಸಿದ ಬಲೆಯಲ್ಲಿ ಅವಳು ಹೆತ್ತ ಮಗನನ್ನೇ ಕೂರಿಸಿದ್ದಳು. ಅದು ಈಗಲೂ ಅವನ ಕಾಲ ಕೆಳಗೇ ಇತ್ತು. ಅವಳು ಬಾಯಿಗೆ ಸೆರಗು ತುರುಕಿಕೊಂಡಳು.

ಕೆಳಗಿನ ಮನೆ ಎದ್ದು ಬಂತು. ಮೊದಲು ಕಲ್ಲು ಬಿದ್ದವು, ಆಮೇಲೆ ಬಾಗಿಲಿಗೆ ಕೊಡಲಿ ಬಿತ್ತು. "ಮಾತಾಡೋಣ್ರಪ್ಪಾ, ಕುಂತು ಮಾತಾಡೋಣು" ಎಂದು ಕೈಮುಗಿದು ಹೊರಗೆ ಹೋದ ಗವಿಸಿದ್ದಪ್ಪನ ತಲೆಗೆ ಬಡಿಗೆ ಕುಳಿತು, ಬಿಳಿ ಟೋಪಿ ಕೆಂಪಾಗಿ ಅವನು ಕಟ್ಟೆಯ ಕೆಳಗೆ ಉರುಳಿದ. ಹಿತ್ತಲಿನಿಂದ ನುಗ್ಗಿದವರು ದನದ ಮನೆಗೆ ಬೆಂಕಿ ಇಟ್ಟರು. ಬಾಗಿಲು ಮುರಿಯಿತು. ತಿರಕಪ್ಪ ಮೊದಲು ಒಳಬಂದವನ ಭುಜಕ್ಕೆ ಕೊಡಲಿ ಬೀಸಿದ, ಮೂಳೆ ಮುರಿದ ಸದ್ದು ಕೇಳಿಸಿತು. ಆಮೇಲೆ ಎಲ್ಲರೂ ಒಮ್ಮೆಲೇ ಅವನ ಮೇಲೆ ಬಿದ್ದರು. ಒದ್ದರು, ಬೆರಳುಗಳನ್ನು ಮೆಟ್ಟಿ ಮುರಿದರು, ಕೂದಲು ಹಿಡಿದು ಎಳೆದು ಅವನ ತಲೆಯನ್ನು ಕರಿ ಟೀಪಾಯಿಯ ಮೇಲೆ ಒತ್ತಿ ಹಿಡಿದರು. ಹುಲಗಪ್ಪ ಕೊಡಲಿ ಎತ್ತಿದ.

"ಇಲ್ಲೇ ಕೈ ಇಟ್ಟಿದ್ದೀಯಲ್ಲಲೇ, ಇಲ್ಲೇ ನಿನ್ನ ತಲಿ ಹಾರಸತೀನಿ!"

"ಆಣಿ ಆಗಿಲ್ಲ!" ಎಂದು ತಿರಕಪ್ಪ ಹಲಗೆಗೆ ಒತ್ತಿದ ಬಾಯಿಯಿಂದಲೇ ಒದರಿದ. "ಕಂಬಳಿ ಇರಲಿಲ್ಲ! ಹೊಳೆಯಪ್ಪಜ್ಜಾ ಹೇಳೋ, ಕಂಬಳಿ ಇಲ್ಲದ ಆಣಿ ಆಣಿ ಏನು? ನಾ ಅಪ್ಪನ ಸೇಡು ತೀರಿಸಿಕೊಂಡೀನಿ. ಹೊಡೀತಾರಂದ್ರ ಹೊಡೀಲಿ, ಗಂಡಸಾಗಿ ಸಾಯತೀನಿ!"

ಬಾಗಿಲಲ್ಲಿ ನಿಂತಿದ್ದ ಹೊಳೆಯಪ್ಪಜ್ಜ ತಲೆ ತಗ್ಗಿಸಿದ. ಪದ್ಧತಿ ಹುಡುಗನ ಕಡೆಗಿತ್ತು. ಆಣೆ ಆಗಿರದಿದ್ದರೆ ಇದು ಹಳೆಯ ಹಗೆ, ಹಗೆಯಾದರೆ ಹುಲಗಪ್ಪನ ಕೊಡಲಿಗೂ ತಡೆಯಿಲ್ಲ.

ಹನಮಂತವ್ವ ಗೋಡೆಗೆ ಆತು ನಿಂತಿದ್ದಳು. ಇಬ್ಬರು ಅವಳ ರಟ್ಟೆ ಹಿಡಿದಿದ್ದರು. ಸುಮ್ಮನಿದ್ದರೆ ಮಗ ಗಂಡಸಾಗಿ ಸಾಯುತ್ತಾನೆ. ಬಾಯಿ ಬಿಟ್ಟರೆ ಬದುಕುತ್ತಾನೆ, ಪುಂಡಲೀಕಪ್ಪ ಬದುಕಿದಂತೆ. ಇಂಥ ಆಯ್ಕೆಯನ್ನು ಹೆತ್ತವಳ ಮುಂದೆ ಇಡುವ ದೇವರಿಗೆ ತಾಯಿ ಇಲ್ಲವೆಂದೇ ನನ್ನ ನಂಬಿಕೆ. ಅವಳು ಒಬ್ಬನ ಕೈ ಕಚ್ಚಿ ಬಿಡಿಸಿಕೊಂಡು ನೆಲಕ್ಕೆ ಬಿದ್ದಳು, ಜಮಖಾನೆಯ ಅಂಚು ಹಿಡಿದು ಮೈಯೆಲ್ಲ ಹಾಕಿ ಎಳೆದಳು. ನಿಂತವರ ಕಾಲು ತಪ್ಪಿತು. ಜಮಖಾನೆ ಮಡಚಿಕೊಂಡು ಬಂತು. ಕೆಳಗೆ ಕರಿ ಕಂಬಳಿ ಇತ್ತು, ಮೂಲೆಯಲ್ಲಿ ಭಂಡಾರ ಹಳದಿಯಾಗಿ ಕೂತೇ ಇತ್ತು.

"ಆಣಿ ಆಗೇತಿ," ಎಂದಳು. "ನಾನs ಹಾಸಿದ್ದೆ. ಅವತ್ತ ನೀವೆಲ್ಲಾ ಇದರ ಮ್ಯಾಲs ಕುಂತಿದ್ರಿ. ಇಂವನೂ ಕುಂತಿದ್ದ."

ಕಂಬಳಿಯ ಮೇಲೆ ಕಾಲಿಟ್ಟಿದ್ದವರು ಹಾವು ಮೆಟ್ಟಿದವರಂತೆ ಹಿಂದೆ ಸರಿದರು. ಒಬ್ಬ ಮಾತ್ರ, "ಮುಂಡಿ ಹಾಸಿದ್ದು ದೇವರ ಗದ್ದಿಗಿ ಆಗತೈತೇನು? ಕುಂತವರಿಗೆ ಗೊತ್ತs ಇರಲಿಲ್ಲ," ಎಂದ.

ಹೊಳೆಯಪ್ಪಜ್ಜ ಬಗ್ಗಿ ಭಂಡಾರ ಮುಟ್ಟಿ ಹಣೆಗೆ ಹಚ್ಚಿಕೊಂಡ. "ಹಾಸಿದವರು ಯಾರಂತ ಕಂಬಳಿ ಕೇಳೂದಿಲ್ಲಪಾ. ಬೀರಪ್ಪನ ಹೆಸರು ತಗೊಂಡ್ನೋ ಇಲ್ಲೋ? ಕುಂತಿದ್ನೋ ಇಲ್ಲೋ? ಇಷ್ಟs ಕೇಳತೈತಿ." ಆಮೇಲೆ ಹುಲಗಪ್ಪನಿಗೆ ಹೇಳಿದ, "ಕೊಡ್ಲಿ ಇಳಿಸು. ಇಂವ ಈಗ ನಮ್ಮವನಲ್ಲ, ನಿಮ್ಮವನೂ ಅಲ್ಲ. ದೇವರಿಗೆ ಬಿಟ್ಟಾಂವ."

ಹುಲಗಪ್ಪ ಕೊಡಲಿ ಇಳಿಸಿದ. ಅವನ ತಮ್ಮನ ಹೆಣ ಇನ್ನೂ ಹೊಲದಲ್ಲೇ ಇತ್ತು. ಕೂದಲು ಹಿಡಿದಿದ್ದವರು ಕೈ ಬಿಟ್ಟು, ಆ ಕೈಯನ್ನು ತಮ್ಮ ಧೋತರಕ್ಕೆ ಒರೆಸಿಕೊಂಡರು.

ತಿರಕಪ್ಪ ಎದ್ದು ತಾಯಿಯ ಕಡೆ ನೋಡಿದ. "ಯವ್ವಾ, ಸುಳ್ಳ ಅನ್ನು. ಆಮ್ಯಾಲ ಹಾಸಿದ್ದು ಅನ್ನು."

"ಖರೆ ಐತಿ."

ಅವನು ಹುಲಗಪ್ಪನ ಎದೆಗೆ ಗುದ್ದಿದ. "ಹೊಡಿ! ನಿನ್ನ ತಮ್ಮನ್ನ ಕಡದೀನಿ, ಹೊಡಿಯಲೇ ನನ್ನ!" ಹುಲಗಪ್ಪ ಮುಖ ತಿರುಗಿಸಿ ಹೊರಗೆ ಹೋದ. ತಿರಕಪ್ಪ ಇನ್ನೊಬ್ಬನಿಗೆ ಒದ್ದ, ಮತ್ತೊಬ್ಬನ ಮುಖಕ್ಕೆ ಉಗುಳಿದ. ಅವರು ಉಗುಳನ್ನು ಒರೆಸಿಕೊಂಡು ಒಬ್ಬೊಬ್ಬರಾಗಿ ನಡೆದರು. ಮುರಿದ ಬೆರಳುಗಳ ಕೈಯಿಂದ ಅವನು ಟೀಪಾಯಿಯನ್ನು ಗುದ್ದಿದ, ಗುದ್ದುತ್ತಲೇ ಇದ್ದ. ದಪ್ಪ ಹಲಗೆ, ಅದಕ್ಕೇನೂ ಆಗಲಿಲ್ಲ. ಕೊನೆಗೆ ನೀರು ಕೊಡು ಎಂದು ತಾಯಿಯ ಮುಂದೆ ಕೈ ಚಾಚಿದ. ಹನಮಂತವ್ವ ತಂಬಿಗೆ ತಂದಳು, ಬಾಗಿಲಲ್ಲಿದ್ದ ಹೊಳೆಯಪ್ಪಜ್ಜನನ್ನು ನೋಡಿದಳು, ತಂಬಿಗೆಯನ್ನು ಟೀಪಾಯಿಯ ಮೇಲೆ ಇಟ್ಟು ಹಿಂದೆ ಸರಿದಳು.

ಪೊಲೀಸರು ಬಂದರು. ಎರಡೂ ಮನೆಯವರು ಯಾರನ್ನೂ ಕಂಡಿಲ್ಲ, ಏನನ್ನೂ ಕೇಳಿಲ್ಲ ಎಂದರು. ದೇವರ ಕೈದಿಯನ್ನು ಸರಕಾರಕ್ಕೆ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ತಿರಕಪ್ಪ ಊರ ಹೊರಗಿನ ಕುರಿದೊಡ್ಡಿ ಸೇರಿದ. ಅಲ್ಲಿಂದಾಚೆಗೆ ಎರಡು ಮನೆಯ ನಡುವೆ ಒಂದು ಹನಿ ರಕ್ತ ಬೀಳಲಿಲ್ಲ. ಗವಿಸಿದ್ದಪ್ಪ ತಲೆಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿದ, ಎದ್ದ ಮೇಲೆ ಟೋಪಿ ಹಾಕಲಿಲ್ಲ. ಟೀಪಾಯಿಯನ್ನು ಒಡೆದು ಒಲೆಗೆ ಹಾಕು ಎಂದ. ಹನಮಂತವ್ವ ಜೀವಮಾನದಲ್ಲಿ ಮೊದಲ ಸಲ ಭಾವನಿಗೆ ಎದುರಾಡಿದಳು. ಟೀಪಾಯಿಯನ್ನು ತಾನೇ ತಲೆಯ ಮೇಲೆ ಹೊತ್ತು ಊರು ದಾಟಿ ದೊಡ್ಡಿಯ ಮುಂದೆ ಬೇವಿನ ಗಿಡದ ಕೆಳಗೆ ಇಟ್ಟಳು.

ಅಂದಿನಿಂದ ದಿನವೂ ರೊಟ್ಟಿ, ಪಲ್ಯ, ತಂಬಿಗೆ ನೀರು ತಂದು ಅದರ ಮೇಲೆ ಇಡುತ್ತಿದ್ದಳು. ಬಿಸಿ ಇರದಂತೆ ಆರಿಸಿ ತರುತ್ತಿದ್ದಳು. ಇಟ್ಟು ದೂರ ಹೋಗಿ ಬೆನ್ನು ಮಾಡಿ ಕೂರುತ್ತಿದ್ದಳು. ಅವನು ಬಂದು ಉಂಡು ಹೋಗುತ್ತಿದ್ದ. ಆರಂಭದಲ್ಲಿ ಬೈಯುತ್ತಿದ್ದ, ರೊಟ್ಟಿಯನ್ನು ಅವಳ ಬೆನ್ನಿಗೆ ಎಸೆಯುತ್ತಿದ್ದ, ಒಮ್ಮೆ ಎಸೆದ ಕಲ್ಲು ತಲೆಗೆ ಬಿದ್ದು ರಕ್ತ ಬಂತು. ಅವಳು ತಿರುಗಲಿಲ್ಲ. ಅವನು ಹೋದ ಮೇಲೆ ಬಂದು ಹಲಗೆಯನ್ನು ಒಣ ಬಟ್ಟೆಯಿಂದ ಒರೆಸಿ, ವಾರಕ್ಕೊಮ್ಮೆ ಕುಸುಬಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಮಳೆಗೆ, ಬಿಸಿಲಿಗೆ ಸಿಕ್ಕರೂ ಟೀಪಾಯಿ ಕರ್ರಗೆ ಹೊಳೆಯುತ್ತಿತ್ತು. ಆಮೇಲಾಮೇಲೆ ಅವನು ಬೈಯುವುದನ್ನು ಬಿಟ್ಟ.

ಒಂದು ದಿನ ಅವನು ಉಂಡು ಹೋದ ಮೇಲೆ ಅವಳು ಬಂದು ನೋಡಿದಳು. ರೊಟ್ಟಿಯ ತಟ್ಟೆ ಬದಿಗೆ ಸರಿದಿತ್ತು. ಹಿಂದಿನ ದಿನ ಎಣ್ಣೆ ಹಚ್ಚಿದ ಹಲಗೆಯ ನಡುವೆ ಒಂದು ಅಂಗೈ ಗುರುತು ಸ್ಪಷ್ಟವಾಗಿ ಮೂಡಿತ್ತು. ಎರಡು ಬೆರಳು ಸೊಟ್ಟ. ಊಟಕ್ಕೆ ಕುಳಿತವನು ಹಾಗೆ ಕೈ ಊರುವುದಿಲ್ಲ, ಆಣೆಗೆ ಊರಿದಂತೆ ಬೇಕೆಂದೇ ಒತ್ತಿ ಇಟ್ಟ ಕೈ ಅದು. ಹನಮಂತವ್ವ ದೊಡ್ಡಿಯ ಕಡೆ ನೋಡಲಿಲ್ಲ, ನೋಡುವಂತಿರಲಿಲ್ಲ. ಒರೆಸುವ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿ, ಆ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ಹೊತ್ತು ಮುಳುಗುವವರೆಗೆ ಕುಳಿತಳು. ಅಂದು ಟೀಪಾಯಿ ಒರೆಸದೆಯೇ ಮನೆಗೆ ಬಂದಳು.